ರೆಕಾರ್ಡರ್ ಮಕ್ಕಳ ಕೈಗೇ ಕೊಟ್ಟೆ

‘ಹುಡುಗರು ತುಳು, ಹುಡುಗಿಯರು ಕನ್ನಡ. ಇದಕ್ಕೆ ರೆಕಾರ್ಡಿಂಗ್ ಯಾಕೆ ಮಾರಾಯ?’ ಮಂಗಳೂರಿನ ಪಿಯು ಮಕ್ಕಳ ಮಾತು ದಾಖಲಿಸುತ್ತೇನೆ ಎಂದಾಗ ಗೆಳೆಯರು ಹೇಳಿದ್ದು ಇದನ್ನೇ. ರೆಕಾರ್ಡರನ್ನು ಮಕ್ಕಳ ಕೈಗೇ ಕೊಡುತ್ತೇನೆ ಎಂದಾಗಂತೂ ನಕ್ಕೇಬಿಟ್ಟರು. ಈಗ ನನ್ನ ಬಳಿ ನಲವತ್ತು ಗಂಟೆಯಷ್ಟು ಮಾತಿದೆ. ನಕ್ಕವರೇ ಕಾಪಿ ಕೇಳುತ್ತಿದ್ದಾರೆ.

ಪ್ರಶ್ನಾವಳಿ ಮೊದಲೇ ಕೈಕೊಟ್ಟಿತ್ತು. ‘ಸ್ನೇಹಿತರ ಜೊತೆ ಯಾವ ಭಾಷೆ?’ ಎಂಬಲ್ಲಿ ಕನ್ನಡ ಎಂದು ಬರೆದವರೇ ಫಾರ್ಮ್ ಕೊಟ್ಟು ತುಳುವಿನಲ್ಲಿ ‘ಪೋಯಿ ಮಾರಾಯ’ ಎನ್ನುತ್ತಾ ಹೊರಟರು. 2011ರ ಜನಗಣತಿಯಲ್ಲಿ ತುಳು ಮಾತೃಭಾಷೆಯವರು 18 ಲಕ್ಷ ದಾಟಿದ್ದಾರೆ. ಅದನ್ನು ಯಾರು ಯಾರ ಜೊತೆ ಆಡುತ್ತಾರೆ ಅನ್ನೋದಕ್ಕೆ ಅಲ್ಲಿ ಕಾಲಮ್ಮೇ ಇಲ್ಲ. ಸಂದರ್ಶನಕ್ಕೆ ಕೂರಿಸಿದರೆ ‘ಹೌದು ಸರ್, ಇಲ್ಲ ಸರ್’. ಅಮೆರಿಕದ ಭಾಷಾವಿಜ್ಞಾನಿ ಲಬೋವ್ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಹುಡುಗರ ಗುಂಪನ್ನೇ ಒಟ್ಟಿಗೆ ಕೂರಿಸಿದ್ದು ಇದೇ ಕಾಟಕ್ಕೆ ಅಲ್ವಾ? ನಾನು ರೆಕಾರ್ಡರನ್ನು ಮಕ್ಕಳ ಕೈಗೆ ಕೊಟ್ಟು ಅಲ್ಲಿಂದ ಎದ್ದೇ ಹೋದೆ.

ಮನೆಯವರ ಸಹಿ, ಮಕ್ಕಳ ಒಪ್ಪಿಗೆ, ಬೇಡದ್ದನ್ನು ಅವರೇ ಅಳಿಸಿ ಕೊಡುವುದು, ಇಷ್ಟು ಕರಾರು. ಗುಂಪಿನಲ್ಲಿ ಯಾರ ಕೈಗೆ ಕೊಡಬೇಕು ಅನ್ನೋದರಲ್ಲೇ ಗುಟ್ಟಿದೆ, ಅದನ್ನು ಇಲ್ಲಿ ಹೇಳುವುದಿಲ್ಲ. ಜಾಸ್ತಿ ಮಾತಾಡುವವರಿಗೆ ಮಾತ್ರ ಬೇಡ.

ಎರಡು ರೆಕಾರ್ಡರಿಗೆ ಹದಿನೈದು ಸಾವಿರದ ಆಸುಪಾಸು ಆಯಿತು. ನಿಜವಾಗಿ ದುಡ್ಡು ತಿಂದದ್ದು ಬರಹಕ್ಕಿಳಿಸುವ ಕೆಲಸ. ಗಂಟೆಗೆ ಏಳುನೂರರಂತೆ ಒಬ್ಬರಿಗೆ ವಹಿಸಿದೆ. ತುಳು ಬಂದಲ್ಲೆಲ್ಲ ‘ಅಸ್ಪಷ್ಟ’ ಎಂದು ಬರೆದು ಕಳಿಸಿದರು! ಎಂಟು ಸಾವಿರದಷ್ಟು ನೀರುಪಾಲು. ಕೊನೆಗೆ ಪುತ್ತೂರಿನ ಎಂ.ಎ. ವಿದ್ಯಾರ್ಥಿನಿಯೊಬ್ಬಳು ಮಾಡಿಕೊಟ್ಟಳು, ದುಪ್ಪಟ್ಟು ದರಕ್ಕೆ.

ಸಿಕ್ಕಿದ್ದೇನು? ಕ್ಲಾಸಿನ ವರಾಂಡದಲ್ಲಿ ಕನ್ನಡ-ಇಂಗ್ಲಿಷ್ ಬೆರೆಸಿ ಆಡುವ ಹುಡುಗಿಯರೇ ಥ್ರೋಬಾಲ್ ಕೋರ್ಟಿಗಿಳಿದರೆ ತುಳು. ಚೆಂಡು ಕೈತಪ್ಪಿದರೆ ‘ಎಂಚಿನ ಮಾರಾಯ್ತಿ!’ ಸ್ಕೋರ್ ಮಾತ್ರ ಇಂಗ್ಲಿಷಿನಲ್ಲಿ. ಟೀಮಿಗೆ ಶಿವಮೊಗ್ಗದವಳೊಬ್ಬಳು ಸೇರಿದ ಮೇಲೆ ಅವಳಿಗಾಗಿ ಕನ್ನಡ. ಸೋಲು ಹತ್ತಿರ ಬಂದರೆ ಮತ್ತೆ ತುಳುವೇ. ಅತ್ತ ಸೈನ್ಸ್ ಹುಡುಗರ ಒಂದು ಗುಂಪು ತಮಾಷೆಗೆ, ಬೈಗುಳಕ್ಕೆ ಬಿಟ್ಟರೆ ತುಳು ಮುಟ್ಟುವುದೇ ಇಲ್ಲ. ಆದರೂ ಗಂಡು-ಹೆಣ್ಣಿನ ಲೆಕ್ಕ ಪೂರ್ತಿ ಸುಳ್ಳಲ್ಲ. ಕ್ಯಾಂಟೀನಿನಲ್ಲಿ ತುಳುವಿನಲ್ಲಿ ಹರಟುತ್ತಿದ್ದ ಹುಡುಗರ ಬಳಿ ಕ್ಲಾಸಿನ ಹುಡುಗಿ ಬಂದಳು, ತುಳುವಿನಲ್ಲೇ ಏನೋ ಕೇಳಿದಳು. ಇವರ ಉತ್ತರ ಕನ್ನಡದಲ್ಲಿ! ಅವಳು ಬಿಡಲಿಲ್ಲ, ಇವರೂ ಬಿಡಲಿಲ್ಲ.

ನಡುವೆ ಸುಮ್ನೆ ಅವರ ವಾಟ್ಸಾಪ್ ಮಾತನ್ನೂ ಕೇಳಿ ಪಡೆದೆ. ಬಾಯಲ್ಲಿ ತುಳು ಆಡದ ಸೈನ್ಸ್ ಹುಡುಗರು ಅಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ತುಳು ಕುಟ್ಟುತ್ತಾರೆ. ಅದರ ಕಥೆ ಬೇರೆಯೇ ಇದೆ.

ಈಗ ಸಿಟಿ ಬಸ್ಸಿನಲ್ಲಿ ಪ್ರಯತ್ನ ನಡೆದಿದೆ. ಹಾರ್ನ್ ಅರ್ಧ ಮಾತನ್ನು ನುಂಗುತ್ತದೆ. ಐದು ಸಾವಿರದೊಳಗೆ ಒಳ್ಳೆಯ ಕಾಲರ್ ಮೈಕ್ ಗೊತ್ತಿದ್ದವರು ಹೇಳಿ.