ಅಲಾರಂ ನಿಮ್ದು, ಕೋಡ್ ಮಾತ್ರ ಇನ್‌ಸ್ಟಾಲರ್ ಹತ್ರ: ಇದನ್ನ ಸರಿ ಮಾಡ್ಕೊಳ್ಳೋದು ಹೇಗೆ

ಪೂರ್ತಿ ದುಡ್ಡು ಕೊಟ್ಟು ಬರ್ಗ್ಲರ್ ಅಲಾರಂ ಹಾಕಿಸ್ಕೊಂಡಿರ್ತೀರ, ಆಮೇಲೆ ಅವರ ಸರ್ವೀಸ್ ಸರಿ ಇಲ್ಲ ಅಂತ ಬೇರೆಯವರನ್ನ ಕರೀತೀರ, ಅವರು ಬಂದು ಕೀಪ್ಯಾಡ್ ಒತ್ತಿ ನೋಡಿ "ಪ್ಯಾನೆಲ್ ಲಾಕ್ ಮಾಡಿಟ್ಟಿದಾರೆ, ನಾವೇನೂ ಮಾಡಕ್ಕಾಗಲ್ಲ" ಅಂತಾರೆ. ಪ್ಯಾನೆಲ್ ಅಂದ್ರೆ ಸೆನ್ಸರ್, ಸೈರನ್ ಎಲ್ಲಾ ಸೇರೋ ಮುಖ್ಯ ಡಬ್ಬ, ಅದನ್ನ ಹಾಕಿದವರೇ ಜೀವಮಾನ ಪೂರ್ತಿ ಬರ್ಬೇಕು ಅನ್ನೋ ಹಾಗೆ ಮಾಡಿಟ್ಟಿರ್ತಾರೆ. ಇದು ತಪ್ಪು ಅಂತ್ಲೇ ನಾನು ಹೇಳೋದು, ಆದ್ರೆ ಜಗಳಕ್ಕೆ ಹೋಗೋ ಮುಂಚೆ ಒಂದಷ್ಟು ವಿಷಯ ತಿಳ್ಕೊಂಡಿರಿ.

ಸಾಮಾನ್ಯವಾಗಿ ಪ್ಯಾನೆಲ್‌ಗೆ ಎರಡು ಥರ ಕೋಡ್ ಇರತ್ತೆ. ನೀವು ದಿನಾ ಆನ್ ಆಫ್ ಮಾಡೋದು ಯೂಸರ್ ಕೋಡ್. ಯಾವ ಸೆನ್ಸರ್ ಯಾವ ಜೋನು (ಪ್ಯಾನೆಲ್‌ನಲ್ಲಿ ಅದರ ನಂಬರು), ಸೈರನ್ ಎಷ್ಟೊತ್ತು ಹೊಡ್ಕೋಬೇಕು, ಯಾರಿಗೆ ಸಿಗ್ನಲ್ ಹೋಗ್ಬೇಕು, ಇದೆಲ್ಲ ಬದಲಾಯಿಸೋಕೆ ಇನ್‌ಸ್ಟಾಲರ್ ಕೋಡ್ ಬೇಕು, ಎಂಜಿನಿಯರ್ ಕೋಡ್ ಅಂತಾನೂ ಕರೀತಾರೆ. ಬರ್ಗ್ಲರ್ ಅಲಾರಂಗಳಿಗೆ ಅಂತ ಇರೋ ಯುರೋಪಿನ ಇಎನ್ 50131 ಸ್ಟ್ಯಾಂಡರ್ಡ್‌ನಲ್ಲಿ ಇದನ್ನ 4 ಲೆವೆಲ್ ಮಾಡಿದಾರೆ, ಲೆವೆಲ್ 2 ಯೂಸರ್, ಲೆವೆಲ್ 3 ಇನ್‌ಸ್ಟಾಲರ್. ಅದರಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸೋದು ಏನಂದ್ರೆ, ಯೂಸರ್ ಒಪ್ಪಿಗೆ ಕೊಡದೆ ಇನ್‌ಸ್ಟಾಲರ್ ಒಳಗೆ ಹೋಗೋ ಹಾಗಿಲ್ಲ. ಅಂದ್ರೆ ಮನೆಯವರ ಮಾತೇ ಮೊದಲು, ಟೆಕ್ನಿಷಿಯನ್ ಆಮೇಲೆ. ಲಾಕ್ ಮಾಡೋರು ಇದನ್ನ ಪೂರ್ತಿ ಉಲ್ಟಾ ಮಾಡಿಬಿಡ್ತಾರೆ.

ಮೊದಲನೇ ಕೆಲಸ, ಅಗ್ರಿಮೆಂಟ್ ತೆಗೆದು ಓದಿ. ಸಿಸ್ಟಮ್ ನೀವು ಕೊಂಡಿದ್ದಾ, ಬಾಡಿಗೆಗೆ ತಗೊಂಡಿದ್ದಾ? ಬಾಡಿಗೆದಾದ್ರೆ ಪ್ಯಾನೆಲ್ ಅವರದೇ, ಕೋಡ್ ಕೇಳೋಕೆ ಬರಲ್ಲ, ಬೇಡ ಅಂದ್ರೆ ವಾಪಸ್ ತಗೊಂಡ್ಹೋಗಿ ಅನ್ನಬಹುದು ಅಷ್ಟೇ. ಸ್ವಂತದ್ದಾದ್ರೆ, ಬಾಕಿ ಏನೂ ಇಲ್ದಿದ್ರೆ, ಕಾಂಟ್ರ್ಯಾಕ್ಟ್ ಮುಗಿದಿದ್ರೆ, ಕೋಡ್ ಇಟ್ಕೊಳ್ಳೋಕೆ ಅವರಿಗೆ ಯಾವ ನ್ಯಾಯವಾದ ಕಾರಣಾನೂ ಉಳಿಯಲ್ಲ.

ಆಮೇಲೆ ಬರವಣಿಗೆಯಲ್ಲೇ ಕೇಳಿ, ಫೋನಲ್ಲಿ ಬೇಡ. ಅವರು ಕೊಡೋ ಉತ್ತರ ಹೆಚ್ಚುಕಮ್ಮಿ ಒಂದೇ, "ನಮ್ಮ ಕೋಡ್ ಎಲ್ಲಾ ಕಸ್ಟಮರ್‌ಗೂ ಒಂದೇ, ನಿಮಗೆ ಕೊಟ್ರೆ ಮಿಕ್ಕವರ ಸೆಕ್ಯೂರಿಟಿ ಹೋಗತ್ತೆ". ಈ ಮಾತಲ್ಲಿ ನಿಜ ಇದೆ, ಆದ್ರೆ ಎಲ್ಲರ ಮನೆಗೂ ಒಂದೇ ಕೋಡ್ ಹಾಕಿದ್ದು ಅವರ ತೀರ್ಮಾನ, ಅದರ ಭಾರ ನೀವ್ಯಾಕೆ ಹೊರಬೇಕು? ಹಾಗಾಗಿ "ನಿಮ್ಮ ಕೋಡ್ ಬೇಡ, ಫ್ಯಾಕ್ಟರಿ ಡಿಫಾಲ್ಟ್ ಕೋಡ್‌ಗೆ ಬದಲಾಯಿಸಿ, ಲಾಕೌಟ್ ಆಪ್ಷನ್ ತೆಗೆದುಕೊಡಿ" ಅಂತ ಬರೀರಿ. ಫ್ಯಾಕ್ಟರಿ ಡಿಫಾಲ್ಟ್ ಅಂದ್ರೆ ಪ್ಯಾನೆಲ್ ಕಂಪನಿಯಿಂದ ಬಂದಾಗ ಇದ್ದ ಕೋಡ್, ಲಾಕೌಟ್ ಅಂದ್ರೆ ಇನ್‌ಸ್ಟಾಲರ್ ಕೋಡ್ ಇಲ್ಲದೆ ಪ್ಯಾನೆಲ್‌ನ ಆ ಸ್ಥಿತಿಗೆ ತರೋಕಾಗದ ಹಾಗೆ ಮಾಡೋ ಸೆಟ್ಟಿಂಗ್. ಅವರು ಬಂದುಹೋಗೋ ಚಾರ್ಜ್ ಕೇಳಿದ್ರೆ ಕೊಟ್ಬಿಡಿ, ಅದು ಕೆಲಸದ ಕೂಲಿ, ಅದರಲ್ಲಿ ತಪ್ಪಿಲ್ಲ.

ಇನ್ನೊಂದು ವಿಷಯ ಸ್ವಲ್ಪ ಬಿಡಿಸಿ ಹೇಳ್ಬೇಕು. ಕೆಲವು ಪ್ಯಾನೆಲ್‌ನಲ್ಲಿ ಸರ್ವೀಸ್ ಟೈಮರ್ ಇರತ್ತೆ, ಅವಧಿ ಮುಗಿದ್ರೆ ಕೀಪ್ಯಾಡ್ ಮೇಲೆ ಸರ್ವೀಸ್ ಮಾಡಿಸಿ ಅಂತ ಬರತ್ತೆ. ನೆನಪಿಸೋದು ಒಳ್ಳೇದೇ, ಒಳಗಿರೋ 12 ವೋಲ್ಟ್ ಬ್ಯಾಟರಿ ಕೆಲವು ವರ್ಷಕ್ಕೆ ಕೈಕೊಡತ್ತೆ, ಯಾರಾದ್ರೂ ಚೆಕ್ ಮಾಡ್ತಾ ಇರ್ಬೇಕು. ಅಲಾರಂ ಹೊಡೆದಮೇಲೆ ಎಂಜಿನಿಯರ್ ರೀಸೆಟ್ ಮಾಡೋ ತನಕ ಮತ್ತೆ ಆನ್ ಆಗದ ಹಾಗೆ ಸೆಟ್ ಮಾಡೋದಕ್ಕೂ ಒಂದು ಕಾರಣ ಇದೆ, ಮಾನಿಟರಿಂಗ್ (ಅಲಾರಂ ಸಿಗ್ನಲ್ ನೋಡ್ಕೊಳ್ಳೋ ಕಂಪನಿ) ಇರೋ ಕಡೆ ಸುಳ್ಳು ಅಲಾರಂ ಯಾಕೆ ಬಂತು ಅಂತ ನೋಡ್ಲಿ ಅಂತ. ಆದ್ರೆ ಸರ್ವೀಸ್ ದುಡ್ಡು ಕಟ್ಟಿಲ್ಲ ಅಂತ ರಾತ್ರಿ ಮಲಗೋ ಹೊತ್ತಲ್ಲಿ ಅಲಾರಂ ಆನ್ ಆಗದ ಹಾಗೆ ಮಾಡಿಟ್ಟಿದ್ರೆ ಅದು ಸರ್ವೀಸ್ ಅಲ್ಲ, ಒಳಗೆ ಮಲಗಿರೋ ಜನರ ಭಯವನ್ನ ಅಡ ಇಟ್ಕೊಂಡು ವಸೂಲಿ ಮಾಡೋದು. ಯಾವ ಇನ್‌ಸ್ಟಾಲರೂ ಇದನ್ನ ಮಾಡಬಾರದು.

ಅವರು ಒಪ್ಪಲಿಲ್ಲ, ಇಲ್ಲಾ ಅಂಗಡಿ ಮುಚ್ಚಿ ಹೋಗಿದಾರೆ ಅಂದ್ರೆ ಬೇರೆ ಟೆಕ್ನಿಷಿಯನ್ ಕರೆಸಿ ಹಾರ್ಡ್‌ವೇರ್ ಡಿಫಾಲ್ಟ್, ಅಂದ್ರೆ ಡಬ್ಬ ತೆಗೆದು ಪ್ಯಾನೆಲ್‌ನ ಫ್ಯಾಕ್ಟರಿ ಸ್ಥಿತಿಗೆ ತರೋದು, ಮಾಡಕ್ಕಾಗತ್ತಾ ಕೇಳಿ. ಎಷ್ಟೋ ಪ್ಯಾನೆಲ್‌ಗೆ ಮ್ಯಾನುಯಲ್‌ನಲ್ಲೇ ದಾರಿ ಇರತ್ತೆ, ಲಾಕೌಟ್ ಹಾಕಿದ್ರೆ ಮಾತ್ರ ಆ ದಾರಿ ಮುಚ್ಚಿರತ್ತೆ. ಡಿಎಸ್‌ಸಿ ಕಂಪನಿಯ ಪವರ್‌ಸೀರೀಸ್ ಪ್ಯಾನೆಲ್ ಆದ್ರೆ ಪವರ್ ತೆಗೆದು ಮತ್ತೆ ಕೊಟ್ಟಾಗ ಕಿವಿಗೊಟ್ಟು ಕೇಳಿ, ಒಳಗಿನ ರಿಲೇ (ಸ್ವಿಚ್ ಥರದ ಭಾಗ) ಟಕ ಟಕ ಅಂತ ಹೊಡ್ಕೊಂಡ್ರೆ ಲಾಕೌಟ್ ಆಗಿದೆ ಅಂತರ್ಥ. ನೀವೇ ಸ್ಕ್ರೂಡ್ರೈವರ್ ಹಿಡ್ಕೊಂಡು ಹೋಗ್ಬೇಡಿ: ಒಳಗೆ ಮೇನ್ಸ್ ಕರೆಂಟ್ ಇರ್ಬಹುದು, ಡಬ್ಬ ತೆಗೆದ ತಕ್ಷಣ ಟ್ಯಾಂಪರ್ ಅಲಾರಂ ಹೊಡ್ಕೊಳತ್ತೆ, ಹೊರಗಿನ ಸೈರನ್‌ಗೆ ಅದರದೇ ಬ್ಯಾಟರಿ ಇದ್ರೆ ಕರೆಂಟ್ ತೆಗೆದ್ರೂ ಕೂಗ್ತಾನೇ ಇರತ್ತೆ. ಮಾನಿಟರಿಂಗ್ ಇದ್ರೆ ಮೊದಲು ಅವರಿಗೆ ತಿಳಿಸಿ. ಡಿಫಾಲ್ಟ್ ಮಾಡಿದ್ರೆ ಸಾಮಾನ್ಯವಾಗಿ ಪ್ರೋಗ್ರಾಮಿಂಗ್ ಪೂರ್ತಿ ಅಳಿಸಿಹೋಗತ್ತೆ, ಮತ್ತೆ ಮಾಡೋಕೆ ಜೋನ್ ಪಟ್ಟಿ ಬೇಕು, ಯಾವ ಬಾಗಿಲು ಯಾವ ನಂಬರು ಅಂತ ಮುಂಚೇನೇ ಬರ್ಕೊಂಡಿಡಿ.

ಅದೂ ಆಗಲಿಲ್ಲ ಅಂದ್ರೆ ಎಲ್ಲಾ ಹೊಸದು ಹಾಕ್ಬೇಕು ಅಂತ ಒಪ್ಕೋಬೇಡಿ. ವೈರಿಂಗ್ ಇರೋ ಸಿಸ್ಟಮ್‌ನಲ್ಲಿ ಪ್ಯಾನೆಲ್ಲು, ಕೀಪ್ಯಾಡು ಬದಲಾಯಿಸಿದ್ರೆ ಸಾಕಾಗ್ಬಹುದು, ಕೇಬಲ್, ಸೆನ್ಸರ್, ಸೈರನ್ ಹೆಚ್ಚಾಗಿ ಹಳೇದೇ ನಡೆಯತ್ತೆ. ವೈರ್‌ಲೆಸ್‌ನಲ್ಲಿ ಕಷ್ಟ, ಒಂದು ಕಂಪನಿ ಸೆನ್ಸರ್ ಇನ್ನೊಂದಕ್ಕೆ ಸಾಮಾನ್ಯವಾಗಿ ಕೂರಲ್ಲ.

ಹೊಸದಾಗಿ ಹಾಕಿಸ್ತಿದ್ರೆ ಕೊಟೇಶನ್ ಮೇಲೇನೇ ಬರೆಸ್ಕೊಳ್ಳಿ: ಸಿಸ್ಟಮ್ ನನ್ನದು, ಲಾಕೌಟ್ ಹಾಕಲ್ಲ, ಕಾಂಟ್ರ್ಯಾಕ್ಟ್ ಮುಗಿದ ದಿನ ಕೋಡ್ ಹಸ್ತಾಂತರ. ಇಷ್ಟು ಬರೆಯೋಕೆ ಹಿಂದೆಮುಂದೆ ನೋಡೋರ ಹತ್ರ ಹಾಕಿಸ್ಬೇಡಿ.

ಕೋಡ್ ಸಿಕ್ಕಿದ ದಿನ ಟೆಕ್ನಿಷಿಯನ್ ಇನ್ನೂ ಇರೋವಾಗ್ಲೇ ಪ್ರೋಗ್ರಾಮಿಂಗ್ ಮೋಡ್‌ಗೆ ಹೋಗಿ ಬರತ್ತಾ ನೋಡಿಸ್ಕೊಳ್ಳಿ, ತಕ್ಷಣ ಹೊಸ ಕೋಡ್ ಹಾಕಿಸಿ, ಹಳೆಯವರ ರಿಮೋಟ್ ಆಕ್ಸೆಸ್, ಆ್ಯಪ್ ಲಾಗಿನ್, ಅಲರ್ಟ್ ಹೋಗೋ ಫೋನ್ ನಂಬರ್ ತೆಗೆಸಿ, ಕೊನೆಗೆ ಒಂದೊಂದೇ ಬಾಗಿಲು ಕಿಟಕಿ ತೆಗೆದು ಪ್ರತಿ ಸೆನ್ಸರ್ರೂ ಪ್ಯಾನೆಲ್‌ಗೆ ಕಾಣಿಸ್ತಿದೆಯಾ ಅಂತ ಟೆಸ್ಟ್ ಮಾಡಿ.