ದಾಯಾದಿಗಳ ಕೋಟೆ: ಎಲ್ಟ್ಸ್‌ಗೆ ಹೊರಡುವ ಜರ್ಮನಿಯ ಕನ್ನಡಿಗರಿಗೆ

ಊರಿನಿಂದ ಅಪ್ಪ ಅಮ್ಮ ಬಂದರೆ ಇಲ್ಲಿನ ಕನ್ನಡಿಗರು ಅವರನ್ನು ಮೊದಲು ಕರೆದುಕೊಂಡು ಹೋಗುವುದು ನಾಯ್‌ಶ್ವಾನ್‌ಸ್ಟೈನ್‌ಗೆ. ಅದು ಚೆಂದದ ಅರಮನೆಯೇ. ಆದರೆ ಅದನ್ನು ಕಟ್ಟಲು ಶುರು ಮಾಡಿದ್ದು 1869ರಲ್ಲಿ. ನಮ್ಮ ಮೈಸೂರಿನ ಈಗಿನ ಅರಮನೆಗಿಂತ ಕೆಲವೇ ದಶಕ ಹಿರಿದು. ಮಧ್ಯಯುಗದ ಜನ ನಿಜವಾಗಿ ಬಾಳಿದ, ಬೇಯಿಸಿ ಉಂಡ, ಜಗಳವಾಡಿದ ಕೋಟೆಯನ್ನು ನೋಡಬೇಕೆಂದರೆ ಎಲ್ಟ್ಸ್‌ಗೆ ಹೋಗಿ. ಕೊಬ್ಲೆನ್ಸ್ ಮತ್ತು ಟ್ರಿಯರ್ ನಡುವೆ, ಮೋಸೆಲ್ ನದಿಯಿಂದ ಸ್ವಲ್ಪ ಒಳಗೆ, ಕಾಡಿನ ಕಣಿವೆಯಲ್ಲಿ ಇದೆ. ಎಲ್ಟ್ಸ್ ಹೊಳೆ ಅದನ್ನು ಮೂರು ಕಡೆಯಿಂದ ಬಳಸಿಕೊಂಡು ಹರಿಯುತ್ತದೆ.

ಜರ್ಮನ್ ಭಾಷೆಯಲ್ಲಿ ‘ಶ್ಲಾಸ್’ ಎಂದರೆ ಅರಮನೆ, ‘ಬುರ್ಗ್’ ಎಂದರೆ ಕೋಟೆ. ನಕ್ಷೆಯಲ್ಲಿ ಈ ಎರಡು ಪದಗಳನ್ನು ಗುರುತಿಸಲು ಕಲಿತರೆ ಎಲ್ಲಿ ಏನು ಸಿಗುತ್ತದೆ ಎಂಬುದು ಮೊದಲೇ ತಿಳಿಯುತ್ತದೆ. ಆದರೂ ‘ಕೋಟೆ’ ಎಂದ ಕೂಡಲೇ ನಮ್ಮವರ ಮನಸ್ಸಿಗೆ ಬರುವುದು ಚಿತ್ರದುರ್ಗದ ಏಳು ಸುತ್ತು, ಬುರುಜು, ಬೆಟ್ಟವನ್ನೇ ತಬ್ಬಿದ ಗೋಡೆ. ಎಲ್ಟ್ಸ್ ಅಂಥದ್ದಲ್ಲ ಎಂದು ಹಿರಿಯರಿಗೆ ಹೊರಡುವ ಮೊದಲೇ ಹೇಳಿಬಿಡಿ. ಅದೊಂದು ಬಂಡೆಯ ಮೇಲೆ ಒತ್ತೊತ್ತಾಗಿ ಎದ್ದು ನಿಂತ ಮನೆಗಳ ಗುಂಪು.

ಆ ಮನೆಗಳು ಯಾರವು ಎಂಬುದು ಗೊತ್ತಾದರೆ ಇಡೀ ಕೋಟೆ ಅರ್ಥವಾಗುತ್ತದೆ. ಈ ವಂಶದ ಹೆಸರು ಮೊದಲು ಕಾಣಿಸುವುದು 1157ರಲ್ಲಿ, ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸನ ಒಂದು ದಾನಪತ್ರಕ್ಕೆ ಸಾಕ್ಷಿ ಹಾಕಿದ ರುಡಾಲ್ಫ್ ಎಂಬವನ ಹೆಸರಾಗಿ. 1268ರಲ್ಲಿ ಎಲಿಯಾಸ್, ವಿಲ್ಹೆಲ್ಮ್, ಥಿಯೊಡೊರಿಕ್ ಎಂಬ ಮೂವರು ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಂಡರು. ಜಮೀನು ಹಂಚಬಹುದು, ಕೋಟೆಯನ್ನು ಹೇಗೆ ಹಂಚುವುದು? ಒಂದೇ ಅಂಗಳದ ಸುತ್ತ ಮೂರು ಕವಲುಗಳೂ ಬೇರೆ ಬೇರೆ ಮನೆ ಕಟ್ಟಿಕೊಂಡು ಬಾಳಿದವು: ಕೆಂಪೆನಿಶ್, ರ್‍ಯೂಬೆನಾಖ್, ರೋಡೆನ್‌ಡಾರ್ಫ್. ಹೀಗೆ ದಾಯಾದಿಗಳು ಕೂಡಿ ಬಾಳುವ ಕೋಟೆಗೆ ಜರ್ಮನರು ‘ಗಾನೆರ್ಬೆನ್‌ಬುರ್ಗ್’ ಎನ್ನುತ್ತಾರೆ. ಗೋಡೆಯ ದುರಸ್ತಿ ಯಾರದು, ಬಾಗಿಲು ಕಾಯುವವರು ಯಾರು, ಒಳಗೆ ಕೈ ಎತ್ತಿದವನಿಗೆ ಏನು ಶಿಕ್ಷೆ ಎಂಬುದನ್ನು ಇಂಥ ಕೋಟೆಗಳಲ್ಲಿ ಕರಾರು ಬರೆದು ತೀರ್ಮಾನಿಸುತ್ತಿದ್ದರು. ಆ ಕರಾರಿನ ಹೆಸರು ‘ಬುರ್ಗ್‌ಫ್ರೀಡೆ’, ಅಂದರೆ ಕೋಟೆಯ ಶಾಂತಿ. ತೊಟ್ಟಿಮನೆಯಲ್ಲಿ ಒಲೆ ಬೇರೆಯಾದ ಮೇಲೂ ಬಾವಿ ಮಾತ್ರ ಒಂದೇ ಉಳಿದಿದ್ದನ್ನು ಕಂಡ ನಮ್ಮ ಅಮ್ಮನಿಗೆ ಇದನ್ನು ಎರಡು ಮಾತಿನಲ್ಲಿ ವಿವರಿಸಿದರೆ ಸಾಕಾಯಿತು. ಉಳಿದದ್ದನ್ನು ಅವರೇ ನನಗೆ ವಿವರಿಸಿದರು.

ಇನ್ನು ಹೋಗುವ ದಾರಿ. ನಾವು ಇರುವುದು ಮೈಂಟ್ಸ್‌ನಲ್ಲಿ, ಆದ್ದರಿಂದ ರೈಲೇ ಸರಿ ಎನಿಸಿತು. ಇಲ್ಲಿ ಕೆಲಸ ಮಾಡುವವರ ಕೈಯಲ್ಲಿ ಡಾಯ್ಚ್‌ಲಾಂಡ್ ಟಿಕೆಟ್ ಇರುತ್ತದೆ. 2023ರ ಮೇನಲ್ಲಿ ತಿಂಗಳಿಗೆ 49 ಯೂರೊಗೆ ಶುರುವಾದದ್ದು 2025ರಲ್ಲಿ 58 ಯೂರೊ ಆಯಿತು. ಕೊಳ್ಳುವ ಮೊದಲು ಆಗಿನ ದರ ನೋಡಿಕೊಳ್ಳಿ. ಅದು ಪ್ರಾದೇಶಿಕ ರೈಲು, ಟ್ರ್ಯಾಮ್, ಬಸ್ಸುಗಳಿಗೆ ನಡೆಯುತ್ತದೆ, ಐಸಿಇ ಮತ್ತು ಐಸಿ ವೇಗದ ರೈಲುಗಳಿಗೆ ನಡೆಯುವುದಿಲ್ಲ. ನಿಮ್ಮ ಟಿಕೆಟ್ ನಿಮ್ಮೊಬ್ಬರದೇ, ಅದರಲ್ಲಿ ಅಪ್ಪ ಅಮ್ಮನನ್ನು ಜೊತೆಗೆ ಕರೆದುಕೊಂಡು ಹೋಗುವಂತಿಲ್ಲ. ಅವರಿಗೂ ಅದನ್ನೇ ಕೊಂಡರೆ ಅದು ತಿಂಗಳ ಚಂದಾ ಎಂಬುದು ನೆನಪಿರಲಿ: ಆ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ಹಣವೂ ಬ್ಯಾಂಕಿನಿಂದ ಹೋಗುತ್ತದೆ.

ಒಂದೇ ದಿನದ ಪ್ರವಾಸಕ್ಕೆ ರಾಜ್ಯದ ದಿನದ ಟಿಕೆಟ್ ಮೇಲು. ಇಲ್ಲಿ ಅದು ರೈನ್‌ಲಾಂಡ್-ಫಾಲ್ಟ್ಸ್ ಟಿಕೆಟ್. ಐದು ಜನರವರೆಗೆ ಒಂದೇ ಟಿಕೆಟ್. ಮೊದಲನೆಯವರಿಗೆ ಒಂದು ದರ, ಆಮೇಲೆ ಸೇರುವ ಪ್ರತಿಯೊಬ್ಬರಿಗೂ ಸ್ವಲ್ಪವೇ ಹೆಚ್ಚು. ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟೇ ಬೇಡ. ವಾರದ ದಿನಗಳಲ್ಲಿ ಬೆಳಿಗ್ಗೆ 9ರ ನಂತರ ಮಾತ್ರ ಅದು ಚಾಲ್ತಿಗೆ ಬರುತ್ತದೆ. 8.50ರ ರೈಲು ಹತ್ತಿದರೆ ಟಿಕೆಟ್ ಇಲ್ಲದವರ ಲೆಕ್ಕವೇ, ದಂಡ 60 ಯೂರೊ. ಶನಿವಾರ ಭಾನುವಾರ ಆ ಕಟ್ಟಳೆ ಇಲ್ಲ. ಇನ್ನೊಂದು ಮಾತು: ಟಿಕೆಟ್ಟಿನ ಮೇಲೆ ಪ್ರಯಾಣಿಕರ ಹೆಸರು ಬರೆಯಲು ಜಾಗವಿದೆ, ಹತ್ತುವ ಮೊದಲೇ ಬರೆಯಿರಿ. ನಾವು ಬರೆದಿರಲಿಲ್ಲ. ಪರೀಕ್ಷಕರು ಸುಮ್ಮನೆ ಪೆನ್ನು ಚಾಚಿ ಕಾದು ನಿಂತರು. ಅಪ್ಪನ ಉದ್ದ ಹೆಸರನ್ನು ಆ ಕಿರಿದಾದ ಗೆರೆಯಲ್ಲಿ ಹಿಡಿಸುವಷ್ಟರಲ್ಲಿ ಒಂದು ನಿಲ್ದಾಣ ದಾಟಿತ್ತು. ಎಲ್ಲ ಪರೀಕ್ಷಕರೂ ಹಾಗೆ ಕಾಯುತ್ತಾರೆ ಎಂದು ನಂಬಬೇಡಿ.

ಮೈಂಟ್ಸ್‌ನಿಂದ ಕೊಬ್ಲೆನ್ಸ್‌ವರೆಗೆ ರೈನ್ ನದಿಯ ದಂಡೆಯಲ್ಲೇ ರೈಲು ಸಾಗುತ್ತದೆ. ಬಲಗಡೆಯ ಕಿಟಕಿ ಹಿಡಿಯಿರಿ. ಕೌಬ್ ಊರಿನ ಹತ್ತಿರ ನದಿಯ ನಡುವೆಯೇ ಒಂದು ಪುಟ್ಟ ಕೋಟೆ ಕಾಣುತ್ತದೆ. ದೋಣಿಗಳಿಂದ ಸುಂಕ ವಸೂಲಿಗೆ ಕಟ್ಟಿದ್ದು. ಕೊಬ್ಲೆನ್ಸ್‌ನಲ್ಲಿ ಟ್ರಿಯರ್ ಕಡೆಯ ಪ್ರಾದೇಶಿಕ ರೈಲಿಗೆ ಬದಲಿಸಿ, ಮೋಸೆಲ್‌ಕೆರ್ನ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿಯಬೇಕು. ಅಲ್ಲಿಂದ ಹೊಳೆಯ ಗುಂಟ, ಆಮೇಲೆ ಕಾಡಿನ ಒಳಗೆ ಸುಮಾರು 5 ಕಿಲೋಮೀಟರ್ ನಡಿಗೆ. ಮಕ್ಕಳು ಕಾಲೆಳೆದರೆ ಒಂದೂವರೆ ಗಂಟೆ. ಕೊನೆಯ ತಿರುವಿನಲ್ಲಿ ಮರಗಳ ನಡುವೆ ಕೋಟೆ ಒಮ್ಮೆಲೇ ತಲೆಯ ಮೇಲೆ ಕಾಣಿಸಿಕೊಳ್ಳುತ್ತದೆ. ಆ ಒಂದು ನೋಟಕ್ಕಾಗಿಯೇ ನಡೆಯಬಲ್ಲವರು ನಡೆಯಲೇಬೇಕು.

ಮಂಡಿನೋವಿನ ಹಿರಿಯರಿಗೆ ಈ ದಾರಿ ಬೇಡ. ಕೋಟೆ ತೆರೆದಿರುವ ತಿಂಗಳುಗಳ ವಾರಾಂತ್ಯಗಳಲ್ಲಿ ಟ್ರೈಸ್-ಕಾರ್ಡೆನ್ ನಿಲ್ದಾಣದಿಂದ ಬಸ್ ಇರುತ್ತದೆ. ಕಾರಿನಲ್ಲಾದರೆ ಎ48 ಹೆದ್ದಾರಿಯ ಪೋಲ್ಖ್ ನಿರ್ಗಮನದಿಂದ ಹೊರಬಂದು, ಸಂತ ಅಂತೋನಿಯ ಪ್ರಾರ್ಥನಾಮಂದಿರದ ಬಳಿ ಇರುವ ನಿಲುಗಡೆಯಲ್ಲಿ ಬಿಡಬೇಕು. ಕೋಟೆಯವರೆಗೆ ಕಾರು ಹೋಗುವುದಿಲ್ಲ. ಅಲ್ಲಿಂದ ಇಳಿಜಾರು. ಇಳಿಯುವಾಗ ಸುಲಭವೆನಿಸಿದ್ದು ಹತ್ತುವಾಗ ಎದೆ ಏದುಸಿರು ಬಿಡಿಸುತ್ತದೆ. ಕೆಲವು ಯೂರೊ ಕೊಟ್ಟರೆ ಸಣ್ಣ ಬಸ್ ಒಯ್ದು ತರುತ್ತದೆ, ಅದಕ್ಕೆ ಚಿಲ್ಲರೆ ಇಟ್ಟುಕೊಳ್ಳಿ. ಕಾರಿನ ವಿಷಯದಲ್ಲಿ ಎರಡು ಕಾನೂನು: 12 ವರ್ಷದೊಳಗಿನ, 150 ಸೆಂಟಿಮೀಟರಿಗಿಂತ ಗಿಡ್ಡಗಿರುವ ಮಕ್ಕಳಿಗೆ ಮಕ್ಕಳ ಆಸನ ಕಡ್ಡಾಯ, ಭಾರತದ ಚಾಲನಾ ಪರವಾನಗಿ ನೀವು ಇಲ್ಲಿ ನೆಲೆಸಿದ ಮೊದಲ ಆರು ತಿಂಗಳು ಮಾತ್ರ ನಡೆಯುತ್ತದೆ.

ಯಾವಾಗ ಹೋಗುವುದು? ಕೋಟೆ ತೆರೆದಿರುವುದು ಸುಮಾರು ಏಪ್ರಿಲ್ ಶುರುವಿನಿಂದ ನವೆಂಬರ್ ಮೊದಲ ದಿನದವರೆಗೆ. ಚಳಿಗಾಲದಲ್ಲಿ ಬಾಗಿಲು ಮುಚ್ಚಿರುತ್ತದೆ, ಕ್ರಿಸ್‌ಮಸ್ ರಜೆಗೆ ಬಂದ ನೆಂಟರನ್ನು ಕರೆದುಕೊಂಡು ಹೋಗಿ ನಿರಾಸೆಪಡಬೇಡಿ. ಶಾಲೆಗೆ ಹೋಗುವ ಮಕ್ಕಳಿದ್ದರೆ ರಜೆಯ ದಿನವನ್ನೇ ಆರಿಸಿ. ಊರಿನಲ್ಲಿ ‘ಅಜ್ಜಿ ಬಂದಿದ್ದಾರೆ’ ಎಂದು ಚೀಟಿ ಕೊಟ್ಟರೆ ಒಂದು ದಿನ ಬಿಡುತ್ತಿದ್ದರು. ಇಲ್ಲಿ ಶಾಲಾ ಹಾಜರಾತಿ ಕಾನೂನು, ಅನುಮತಿಯಿಲ್ಲದೆ ಪ್ರವಾಸಕ್ಕೆ ಬಿಡಿಸಿದರೆ ದಂಡ ಬೀಳಬಹುದು. ಅಕ್ಟೋಬರಿನ ಶರತ್ಕಾಲದ ರಜೆ ಎಲ್ಲಕ್ಕಿಂತ ಒಳ್ಳೆಯದು, ಕಾಡು ಅರಿಶಿನ ಬಣ್ಣಕ್ಕೆ ತಿರುಗಿರುತ್ತದೆ.

ಒಳಗೆ ನೀವೇ ಅಡ್ಡಾಡುವಂತಿಲ್ಲ. ಗೈಡ್ ಜೊತೆಗೆ ಗುಂಪಿನಲ್ಲಿ ಸುಮಾರು 40 ನಿಮಿಷದ ಸುತ್ತು. ಜರ್ಮನ್ ಬಾರದವರಿದ್ದರೆ ಟಿಕೆಟ್ ಕಿಟಕಿಯಲ್ಲಿ ಇಂಗ್ಲಿಷ್ ಸುತ್ತು ಯಾವಾಗ ಎಂದು ಕೇಳಿ. ಒಳಗೆ ಫೋಟೊ ತೆಗೆಯುವಂತಿಲ್ಲ, ಸುತ್ತಿಗೆ ಮಗುವಿನ ತಳ್ಳುಗಾಡಿಯನ್ನೂ ಬಿಡುವುದಿಲ್ಲ. ಕೂಸಿದ್ದರೆ ಎದೆಗೆ ಕಟ್ಟಿಕೊಳ್ಳುವ ಜೋಳಿಗೆ ತನ್ನಿ. ಮೆಟ್ಟಿಲುಗಳು ಕಡಿದು.

ಮೇಲಿನ ರ್‍ಯೂಬೆನಾಖ್ ಕೋಣೆಯಲ್ಲಿ ಗೋಡೆಯ ತುಂಬ ಬಳ್ಳಿ ಹೂವಿನ ಚಿತ್ರ, ಚಳಿಗೆ ಪರದೆ ಎಳೆದುಕೊಳ್ಳುವ ಎತ್ತರದ ಮಂಚ. ಕೋಟೆಯಲ್ಲಿ ಸುಮಾರು 20 ಶೌಚಕೋಣೆಗಳಿದ್ದವು, ಮಳೆನೀರು ಹಾಯಿಸಿ ತೊಳೆಯುತ್ತಿದ್ದರು ಎಂದು ತಿಳಿದಾಗ ಅಪ್ಪ ತಿರುಗಿ ಮತ್ತೊಮ್ಮೆ ನೋಡಿದರು. ಸಭಾಂಗಣದಲ್ಲಿ ಗೋಡೆಯ ಮೇಲೆ ವಿದೂಷಕರ ಮುಖಗಳಿವೆ, ಬಾಗಿಲ ಮೇಲೆ ಒಂದು ಗುಲಾಬಿ ಇದೆ. ಮುಖಗಳ ಅರ್ಥ: ಇಲ್ಲಿ ಯಾರು ಏನು ಬೇಕಾದರೂ ಹೇಳಬಹುದು. ಗುಲಾಬಿಯ ಅರ್ಥ: ಹೇಳಿದ್ದು ಈ ಬಾಗಿಲು ದಾಟಬಾರದು. ಮೂರು ಮನೆಯವರು ಕೂತು ಮಾತಾಡುವ ಜಾಗಕ್ಕೆ ಇದಕ್ಕಿಂತ ಒಳ್ಳೆಯ ನಿಯಮ ನನಗೆ ತಿಳಿದಿಲ್ಲ. ಅಮ್ಮ ಹೆಚ್ಚು ಹೊತ್ತು ನಿಂತದ್ದು ರೋಡೆನ್‌ಡಾರ್ಫ್ ಅಡುಗೆಮನೆಯಲ್ಲಿ, ಮಸಿ ಹಿಡಿದ ಒಲೆಯ ಮುಂದೆ. ಗುಂಪು ಮುಂದೆ ಹೋದ ಮೇಲೂ ಹೊಗೆ ಎಲ್ಲಿಂದ ಹೊರಗೆ ಹೋಗುತ್ತಿತ್ತು ಎಂದು ತಲೆಯೆತ್ತಿ ಹುಡುಕುತ್ತಿದ್ದರು.

ಊಟಕ್ಕೆ ಬುತ್ತಿಯೇ ಸರಿ. ಕೋಟೆಯ ಹೋಟೆಲಿನಲ್ಲಿ ಸಸ್ಯಾಹಾರಿಗಳಿಗೆ ಆಯ್ಕೆ ಕಡಿಮೆ, ಭಾನುವಾರವಾದರೆ ದಾರಿಯ ಊರುಗಳಲ್ಲಿ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಕಾಡಿನ ಬೆಂಚಿನ ಮೇಲೆ ಪುಳಿಯೋಗರೆ ಬಿಚ್ಚಿ ತಿನ್ನಲು ಯಾರ ಅಪ್ಪಣೆಯೂ ಬೇಡ, ಕಸವನ್ನು ಮಾತ್ರ ಚೀಲದಲ್ಲೇ ವಾಪಸು ತನ್ನಿ. ಪ್ಲಾಸ್ಟಿಕ್ ನೀರಿನ ಬಾಟಲಿಗೆ 25 ಸೆಂಟ್ ಠೇವಣಿ ಕೊಟ್ಟಿರುತ್ತೀರಿ, ಅಂಗಡಿಯ ಯಂತ್ರಕ್ಕೆ ಹಾಕಿದರೆ ಮರಳಿ ಸಿಗುತ್ತದೆ.

ಕಾಡಿನಲ್ಲಿ ಹಸಿರು ಹಲಗೆಯ ಮೇಲೆ ಬಿಳಿ ಶಿಲುಬೆ, ಕೆಳಗೆ ಒಂದು ಸಂಖ್ಯೆ ಕಂಡರೆ ಅದನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಯಾರಾದರೂ ಬಿದ್ದರೆ 112ಕ್ಕೆ ಕರೆ ಮಾಡಿ ಆ ಸಂಖ್ಯೆ ಹೇಳಿದರೆ ಸಾಕು, ನೆರವಿನವರು ಅಲ್ಲಿಗೇ ಬರುತ್ತಾರೆ. ಮನೆಗೆ ಬಂದ ಮೇಲೆ ಮಕ್ಕಳ ಮಂಡಿಯ ಹಿಂದೆ, ಕಂಕುಳಲ್ಲಿ ಉಣ್ಣಿ ಕಚ್ಚಿಕೊಂಡಿದೆಯೇ ನೋಡಿ. ಕಾಯಿಲೆ ಹರಡುವ ಹುಳು ಅದು. ಅಪ್ಪ ಅಮ್ಮನ ವೀಸಾ ವಿಮೆಯ ಕಾಗದವೂ ಚೀಲದಲ್ಲಿ ಇರಲಿ.

ಹೊರಡುವ ಮೊದಲು ಎದುರಿನ ಗುಡ್ಡದ ಮೇಲಿನ ಪಾಳುಗೋಡೆಯನ್ನೂ ನೋಡಿ. ಟ್ರಿಯರ್‌ನ ಆರ್ಚ್‌ಬಿಷಪ್ ಬಾಲ್ಡುಯಿನ್ 1331ರಲ್ಲಿ ಎಲ್ಟ್ಸ್ ಮನೆತನವನ್ನು ಬಗ್ಗಿಸಲು ಕಟ್ಟಿಸಿದ ಮುತ್ತಿಗೆ ಕೋಟೆ ಅದು. ಅಲ್ಲಿಂದ ಕಲ್ಲುಗುಂಡು ಎಸೆದರು, 1336ರಲ್ಲಿ ಸಂಧಿಯಾಯಿತು. ಎಸೆದವರ ಕೋಟೆ ಇಂದು ನಾಲ್ಕು ಗೋಡೆ ಕಲ್ಲು. ಕೆಳಗಿನದು ಈಗಲೂ ಅದೇ ಮನೆತನದ್ದು. ಮಂಡಿನೋವಿನಿಂದ ಅಮ್ಮ ಅಲ್ಲಿಗೆ ಬರಲಿಲ್ಲ. ಮಗಳು ಮೇಲಿನಿಂದ ತೆಗೆದ ಚಿತ್ರವನ್ನು ಬಸ್ಸಿನಲ್ಲಿ ಅಜ್ಜಿಯ ತೊಡೆಯ ಮೇಲಿಟ್ಟು, ಬೆರಳಿಟ್ಟು ತೋರಿಸುತ್ತಿದ್ದಳು: ಇದು ಮೊದಲನೆಯವರ ಪಾಲು, ಇದು ಎರಡನೆಯವರದು, ಇದು ಮೂರನೆಯವರದು.