ನಿಮ್ಮ ಎದೆಗೂಡನ್ನು ನೀವೇ ಮುಟ್ಟಿ ತಿಳಿಯುವುದು ಹೇಗೆ?

ಉಸಿರು ಎಳೆದುಕೊಂಡಾಗ ಎದೆ ಉಬ್ಬುತ್ತದೆ. ಗಾಳಿ ಒಳಗೆ ಹೋಗಿದ್ದಕ್ಕೆ ಎದೆ ಉಬ್ಬಿತೋ, ಎದೆ ಉಬ್ಬಿದ್ದಕ್ಕೆ ಗಾಳಿ ಒಳಗೆ ಹೋಯಿತೋ? ಯಾರನ್ನಾದರೂ ಕೇಳಿ ನೋಡಿ, ಹೆಚ್ಚಿನವರು ಮೊದಲನೆಯದನ್ನೇ ಹೇಳುತ್ತಾರೆ. ಸರಿ ಉತ್ತರ ಎರಡನೆಯದು. ಶ್ವಾಸಕೋಶಕ್ಕೆ ತಾನಾಗಿ ಹಿಗ್ಗುವ ಶಕ್ತಿಯೇ ಇಲ್ಲ. ಬಿಟ್ಟರೆ ಅದು ಕುಗ್ಗಿಯೇ ಹೋಗುತ್ತದೆ. ಅದನ್ನು ಎಳೆದು ಹಿಗ್ಗಿಸುವುದು ಸುತ್ತಲಿನ ಎದೆಗೂಡು ಮತ್ತು ಅದರ ತಳದಲ್ಲಿರುವ ವಪೆ ಎಂಬ ಸ್ನಾಯು.

ಇದನ್ನು ನಂಬಲು ಚಿತ್ರಪಟ ಬೇಕಿಲ್ಲ, ನಿಮ್ಮ ಕೈ ಸಾಕು. ತೆಳುವಾದ ಬಟ್ಟೆ ಹಾಕಿಕೊಳ್ಳಿ. ಒಂದು ಅಳತೆ ಟೇಪು ಪಕ್ಕದಲ್ಲಿರಲಿ. ಬೆರಳ ತುದಿಯಿಂದ ಮೆಲ್ಲಗೆ ಒತ್ತಿದರೆ ಆಯಿತು, ಚುಚ್ಚಬೇಡಿ. ಎದೆಗೆ ಇತ್ತೀಚೆಗೆ ಪೆಟ್ಟಾಗಿದ್ದರೆ ಅಥವಾ ಶಸ್ತ್ರಚಿಕಿತ್ಸೆ ಆಗಿದ್ದರೆ ಸುಮ್ನೆ ಓದಿಕೊಳ್ಳಿ, ಮುಟ್ಟಿ ನೋಡುವುದು ಬೇಡ.

1. ಗಂಟಲ ಗುಳಿಯಿಂದ ಕೆಳಗಿಳಿಯಿರಿ

ಕುತ್ತಿಗೆಯ ಬುಡದಲ್ಲಿ, ಎರಡು ಕಾಲರ್ ಬೋನ್‌ಗಳ ನಡುವೆ ಒಂದು ಗುಳಿ ಇದೆ. ಅಲ್ಲಿ ಬೆರಳಿಡಿ. ಗುಳಿಯ ಕೆಳಗಿನ ಗಟ್ಟಿ ಅಂಚೇ ಎದೆಮೂಳೆಯ ಮೇಲ್ತುದಿ. ಅಲ್ಲಿಂದ ನಡುಗೆರೆಯಲ್ಲೇ ಬೆರಳನ್ನು ಕೆಳಕ್ಕೆ ಜಾರಿಸಿ. ಸುಮಾರು 5 ಸೆಂ.ಮೀ. ಇಳಿದ ಮೇಲೆ ಅಡ್ಡಕ್ಕೆ ಒಂದು ಸಣ್ಣ ದಿಬ್ಬ ಸಿಗುತ್ತದೆ. ಕೆಲವರಿಗೆ ಚೆನ್ನಾಗಿ ಸಿಗುತ್ತದೆ, ಕೆಲವರಿಗೆ ಸ್ವಲ್ಪ ಹುಡುಕಬೇಕು.

ಆ ದಿಬ್ಬ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ವೈದ್ಯರು ಇದನ್ನು ಲೂಯಿ ಕೋನ ಎನ್ನುತ್ತಾರೆ. ಎದೆಮೂಳೆಯ ಮೇಲಿನ ತುಂಡು ಮತ್ತು ನಡುವಿನ ಉದ್ದ ತುಂಡು ಕೂಡುವ ಜಾಗ ಇದು. ಎರಡನೇ ಪಕ್ಕೆಲುಬು ಬಂದು ಸೇರುವುದು ಇಲ್ಲಿಗೇ. ಶ್ವಾಸನಾಳ ಎಡಕ್ಕೊಂದು ಬಲಕ್ಕೊಂದು ಕವಲಾಗುವುದೂ ಹೆಚ್ಚುಕಡಿಮೆ ಇದೇ ಮಟ್ಟದಲ್ಲಿ, ಒಳಗಡೆ.

ಇನ್ನೂ ಕೆಳಗೆ ಹೋದರೆ ಎದೆಮೂಳೆ ಮುಗಿಯುವಲ್ಲಿ ಒಂದು ಚೂಪು ತುದಿ ಇದೆ. ಚಿಕ್ಕ ವಯಸ್ಸಿನಲ್ಲಿ ಅದು ಮೃದ್ವಸ್ಥಿ, ಅಂದರೆ ಕಿವಿಯಲ್ಲಿ ಇರುವಂಥ ಬಾಗುವ ಮೂಳೆ. ನಡುವಯಸ್ಸಿನ ಹೊತ್ತಿಗೆ ಗಟ್ಟಿಯಾಗುತ್ತದೆ. ಕೆಲವರಿಗೆ ಇದು ಮುಂದಕ್ಕೆ ಚಾಚಿಕೊಂಡಿರುತ್ತದೆ. ಮೊದಲ ಸಲ ಕೈಗೆ ತಾಕಿದಾಗ ಗೆಡ್ಡೆಯೇನೋ ಎಂದು ಹೆದರುವವರೂ ಇದ್ದಾರೆ. ಹೆದರಬೇಕಿಲ್ಲ, ಆದರೆ ಅದನ್ನು ಜೋರಾಗಿ ಒತ್ತಲೂಬಾರದು.

2. ಎರಡನೆಯದರಿಂದ ಎಣಿಸಿ

ಒಂದರಿಂದ ಏಕಲ್ಲ? ಒಂದನೇ ಪಕ್ಕೆಲುಬು ಗಿಡ್ಡ, ತುಂಬಾ ಬಾಗಿದ್ದು, ಕಾಲರ್ ಬೋನ್ ಅಡಿಯಲ್ಲಿ ಅಡಗಿ ಕೂತಿದೆ. ಅದನ್ನು ಬೆರಳಿನಿಂದ ಹುಡುಕಲು ಹೋದರೆ ಲೆಕ್ಕ ತಪ್ಪುವುದೇ ಜಾಸ್ತಿ. ದಿಬ್ಬದಿಂದ ಪಕ್ಕಕ್ಕೆ ಬೆರಳು ಸರಿಸಿ, ಸಿಗುವ ಗಟ್ಟಿ ಪಟ್ಟಿಗೆ ಎರಡು ಎನ್ನಿ. ಅದರ ಕೆಳಗಿನ ಮೆತ್ತನೆ ಸಂದಿ ಎರಡನೇ ಸಂದಿ. ನಂತರದ ಗಟ್ಟಿ ಪಟ್ಟಿ ಮೂರು. ಕೆಳಗಿಳಿದಂತೆ ಬೆರಳನ್ನು ಸ್ವಲ್ಪ ಹೊರಗಡೆಗೆ ಸರಿಸುತ್ತಾ ಹೋಗಿ. ಎದೆಮೂಳೆಯ ಹತ್ತಿರ ಸಂದಿಗಳು ಕಿರಿದಾಗಿ ಒಂದಕ್ಕೊಂದು ಬೆರೆತಂತೆ ಅನ್ನಿಸುತ್ತವೆ.

ಇಸಿಜಿ ತೆಗೆಯುವವರು ಮಾಡಬೇಕಾದ್ದೂ ಇದೇ ಎಣಿಕೆ. ಎದೆಗೆ ಅಂಟಿಸುವ ತುದಿಗಳಲ್ಲಿ ಮೊದಲ ಎರಡರ ಜಾಗ ನಾಲ್ಕನೇ ಸಂದಿ, ಎದೆಮೂಳೆಯ ಆಚೆಗೊಂದು ಈಚೆಗೊಂದು. ಎಣಿಸದೆ ಅಂದಾಜಿನಲ್ಲಿ ಅಂಟಿಸಿದರೆ ಗೆರೆಗಳೇ ಬೇರೆಯಾಗಿ ಕಾಣಬಹುದು.

ಏಳನೆಯದರವರೆಗೆ ಪ್ರತಿ ಪಕ್ಕೆಲುಬೂ ತನ್ನದೇ ಮೃದ್ವಸ್ಥಿಯ ಪಟ್ಟಿಯಿಂದ ಎದೆಮೂಳೆಗೆ ಅಂಟಿಕೊಂಡಿದೆ. ಎಂಟು, ಒಂಬತ್ತು, ಹತ್ತು ನೇರವಾಗಿ ಅಲ್ಲಿಗೆ ಹೋಗುವುದಿಲ್ಲ. ತಮ್ಮ ಮೇಲಿನದರ ಮೃದ್ವಸ್ಥಿಗೆ ಸೇರಿಕೊಂಡು ಬಿಡುತ್ತವೆ. ಹೊಟ್ಟೆಯ ಮೇಲ್ಭಾಗದಲ್ಲಿ ತಲೆಕೆಳಗಾದ ವಿ ಆಕಾರದ ಅಂಚು ಕೈಗೆ ಸಿಗುತ್ತದಲ್ವಾ, ಅದು ಇವುಗಳಿಂದಲೇ ಆದದ್ದು. ಹನ್ನೊಂದು, ಹನ್ನೆರಡರ ಮುಂದಿನ ತುದಿ ಯಾವುದಕ್ಕೂ ಅಂಟಿಲ್ಲ. ಸೊಂಟದ ಮೇಲೆ, ಪಕ್ಕದಲ್ಲಿ ಕೈಯಿಟ್ಟು ಹುಡುಕಿದರೆ ಹನ್ನೊಂದನೆಯದರ ತುದಿ ಸಿಗಬಹುದು. ಹನ್ನೆರಡನೆಯದು ಕೆಲವರಲ್ಲಿ ಎಷ್ಟು ಗಿಡ್ಡವೆಂದರೆ ಬೆನ್ನಿನ ಸ್ನಾಯುಗಳಲ್ಲೇ ಮುಚ್ಚಿಹೋಗಿರುತ್ತದೆ.

ಒಟ್ಟು 12 ಜೊತೆ, 24 ಪಕ್ಕೆಲುಬು. ಗಂಡಸರಿಗೆ ಒಂದು ಕಡಿಮೆ ಎಂಬ ಮಾತು ಈಗಲೂ ಅಲ್ಲಲ್ಲಿ ಕೇಳುತ್ತದೆ. ಆಂಡ್ರಿಯಾಸ್ ವೆಸಾಲಿಯಸ್ ಎಂಬ ಅಂಗರಚನಾ ತಜ್ಞ ಹೆಣಗಳನ್ನು ಬಿಡಿಸಿ ನೋಡಿ, ಇಬ್ಬರಿಗೂ ಸಮ ಎಂದು 1543ರಲ್ಲೇ ಬರೆದಿಟ್ಟ. ಅಪರೂಪಕ್ಕೆ ಕೆಲವರಿಗೆ ಕುತ್ತಿಗೆಯ ಬುಡದಲ್ಲಿ ಒಂದು ಹೆಚ್ಚಿನ ಪಕ್ಕೆಲುಬು ಇರುತ್ತದೆ. ಅದು ಗಂಡಸರಲ್ಲೂ ಇರಬಹುದು, ಹೆಂಗಸರಲ್ಲೂ ಇರಬಹುದು.

3. ಓರೆಯನ್ನು ಗಮನಿಸಿ

ಇದು ಚಿಕ್ಕ ಹಂತ, ಆದರೆ ಇದನ್ನು ಬಿಟ್ಟರೆ ಮುಂದಿನದು ಅರ್ಥವಾಗದು. ಕಂಕುಳ ಕೆಳಗೆ ಕೈಗೆ ಸಿಗುವ ಯಾವುದಾದರೂ ಒಂದು ಪಕ್ಕೆಲುಬಿನ ಮೇಲೆ ಬೆರಳಿಟ್ಟು ಮೊದಲು ಬೆನ್ನಿನ ಕಡೆಗೆ, ಆಮೇಲೆ ಎದೆಯ ಕಡೆಗೆ ಜಾರಿಸಿ. ಬೆನ್ನಿನ ಕಡೆ ಮೇಲಿದೆ, ಎದೆಯ ಕಡೆ ಕೆಳಗಿಳಿದಿದೆ, ಅಲ್ವಾ? ಪಕ್ಕೆಲುಬುಗಳು ಅಡ್ಡಡ್ಡ ಬಳೆಗಳಾಗಿಲ್ಲ. ಎಲ್ಲವೂ ಮುಂದಕ್ಕೆ ಇಳಿಜಾರಾಗಿವೆ. ಹಿಂದಿನ ತುದಿ ಬೆನ್ನುಮೂಳೆಯ ಮಣಿಗಳಿಗೆ ಸಣ್ಣ ಕೀಲುಗಳಿಂದ ಸೇರಿದೆ. ಹಾಗಾಗಿ ಅದು ಅಲ್ಲೇ ಸ್ವಲ್ಪ ತಿರುಗಬಲ್ಲದು. ಇಳಿಜಾರಾಗಿರುವುದನ್ನು ಮೇಲೆತ್ತಿದರೆ ಅದರ ಮುಂದಿನ ತುದಿ ಬೆನ್ನಿನಿಂದ ದೂರ ಹೋಗುತ್ತದೆ, ಒಳಗೆ ಜಾಗ ಹೆಚ್ಚುತ್ತದೆ. ಉಸಿರಾಟದ ಲೆಕ್ಕವೆಲ್ಲ ನಿಂತಿರುವುದು ಈ ಓರೆಯ ಮೇಲೆ.

ಎಳೆ ಮಗುವಿನ ಪಕ್ಕೆಲುಬುಗಳಲ್ಲಿ ಈ ಓರೆ ಇರುವುದಿಲ್ಲ, ಹೆಚ್ಚುಕಡಿಮೆ ಅಡ್ಡಕ್ಕೇ ಇರುತ್ತವೆ. ಎತ್ತಿ ಪ್ರಯೋಜನವಿಲ್ಲ. ಆದ್ದರಿಂದಲೇ ಮಲಗಿದ ಕೂಸಿನ ಎದೆಗಿಂತ ಹೊಟ್ಟೆ ಜಾಸ್ತಿ ಏರಿಳಿಯುತ್ತದೆ.

4. ಎರಡು ಕಡೆ ಕೈಯಿಡಿ, ಎರಡು ಬಗೆಯ ಚಲನೆ ನೋಡಿ

ಮೊದಲು ಅಂಗೈಯನ್ನು ಎದೆಮೂಳೆಯ ಮೇಲಿಟ್ಟು ನಿಧಾನವಾಗಿ, ದೀರ್ಘವಾಗಿ ಉಸಿರೆಳೆಯಿರಿ. ಕೈ ಮುಂದಕ್ಕೂ ಸ್ವಲ್ಪ ಮೇಲಕ್ಕೂ ಹೋಗುತ್ತದೆ. ಮೇಲಿನ ಪಕ್ಕೆಲುಬುಗಳು ಎದೆಮೂಳೆಯನ್ನು ಮುಂದಕ್ಕೆ ತಳ್ಳುತ್ತಿವೆ.

ಈಗ ಎರಡೂ ಅಂಗೈಗಳನ್ನು ಕೆಳಗಿನ ಪಕ್ಕೆಗಳ ಮೇಲೆ, ಆ ಕಡೆ ಈ ಕಡೆ ಇಡಿ. ಹೆಬ್ಬೆರಳು ಹಿಂದಕ್ಕಿರಲಿ. ಮತ್ತೆ ಉಸಿರೆಳೆಯಿರಿ. ಈ ಸಲ ಕೈಗಳು ಪಕ್ಕಕ್ಕೆ ಸರಿಯುತ್ತವೆ. ಬಕೆಟಿನ ಹಿಡಿ ಒಂದು ಬದಿಗೆ ಜೋತುಬಿದ್ದಿದೆ ಎಂದುಕೊಳ್ಳಿ. ಅದನ್ನು ಅಡ್ಡಲಾಗುವಷ್ಟು ಎತ್ತಿದರೆ ಅದರ ನಡುಭಾಗ ಮೇಲೇರುತ್ತಾ ಹೊರಕ್ಕೆ ಚಾಚುತ್ತದೆ. ಕೆಳಗಿನ ಪಕ್ಕೆಲುಬುಗಳು ಏಳುವುದು ಹೀಗೇ. ವೈದ್ಯಕೀಯ ಪಾಠದಲ್ಲೂ ಇದಕ್ಕೆ ಬಕೆಟ್ ಹಿಡಿಯ ಚಲನೆ ಎಂದೇ ಹೆಸರು.

ಎತ್ತುವವರು ಯಾರು? ಪಕ್ಕೆಲುಬುಗಳ ಸಂದಿಯಲ್ಲಿರುವ ಸ್ನಾಯುಗಳು. ಇವು ಮೂರು ಪದರಗಳಲ್ಲಿವೆ. ಹೊರಪದರ ಮುಖ್ಯವಾಗಿ ಉಸಿರೆಳೆಯಲು ಪಕ್ಕೆಲುಬನ್ನು ಎತ್ತುತ್ತದೆ. ಅದರ ಒಳಗಿನ ಪದರ ಜೋರಾಗಿ ಉಸಿರು ಬಿಡುವಾಗ ಇಳಿಸಲು ನೆರವಾಗುತ್ತದೆ. ಓಡಿ ಬಂದು ಏದುಸಿರು ಬಿಡುವಾಗ ಕುತ್ತಿಗೆಯ ಸ್ನಾಯುಗಳೂ ಕೈಜೋಡಿಸುತ್ತವೆ. ಓಟ ಮುಗಿಸಿದವರು ಮೊಣಕಾಲ ಮೇಲೆ ಕೈಯೂರಿ ಬಗ್ಗಿ ನಿಲ್ಲುವುದನ್ನು ನೋಡಿರುತ್ತೀರಿ. ಕೈ ಊರಿ ಭುಜ ಸ್ಥಿರವಾದರೆ, ತೋಳನ್ನು ಎಳೆಯಬೇಕಿದ್ದ ಎದೆಯ ಸ್ನಾಯುಗಳು ಪಕ್ಕೆಲುಬನ್ನು ಎಳೆಯತೊಡಗುತ್ತವೆ.

5. ವಪೆಯನ್ನು ಹುಡುಕಿ

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಒಪ್ಪಲೇಬೇಕು. ಸುಮ್ಮನೆ ಕುಳಿತಾಗಿನ ಉಸಿರಾಟದಲ್ಲಿ ಹೆಚ್ಚಿನ ಕೆಲಸ ಪಕ್ಕೆಲುಬಿನದ್ದಲ್ಲ, ವಪೆಯದ್ದು. ಎದೆಗೂಡಿನ ತಳಕ್ಕೆ ಗುಮ್ಮಟದ ಹಾಗೆ ಹಬ್ಬಿರುವ ಸ್ನಾಯು ಅದು. ಅಂಚುಗಳು ಕೆಳಗಿನ ಪಕ್ಕೆಲುಬುಗಳಿಗೆ, ಎದೆಮೂಳೆಯ ತುದಿಗೆ, ಹಿಂದೆ ಬೆನ್ನುಮೂಳೆಗೆ ಹೊಲಿದಂತೆ ಸೇರಿವೆ.

ಅಂಗಾತ ಮಲಗಿ. ಒಂದು ಕೈಯನ್ನು ವಿ ಅಂಚಿನ ಸ್ವಲ್ಪ ಕೆಳಗೆ, ಮೇಲ್ಹೊಟ್ಟೆಯ ಮೇಲೆ ಇಡಿ. ಏನನ್ನೋ ಮೂಸುವಂತೆ ಮೂಗಿನಿಂದ ಚುರುಕಾಗಿ ಒಮ್ಮೆ ಗಾಳಿ ಎಳೆಯಿರಿ. ಕೈ ಚಕ್ಕನೆ ಮೇಲೇಳುತ್ತದೆ. ವಪೆ ಬಿಗಿದು ಚಪ್ಪಟೆಯಾಗಿ ಕೆಳಗಿಳಿಯಿತು, ಕೆಳಗಿದ್ದ ಜಠರ, ಯಕೃತ್ತನ್ನು ಒತ್ತಿತು, ಹೊಟ್ಟೆ ಮುಂದೆ ಬಂತು. ಹೊಟ್ಟೆಯಿಂದ ಉಸಿರಾಡಿ ಎನ್ನುತ್ತಾರಲ್ಲ, ಅಲ್ಲಿಗೇನೂ ಗಾಳಿ ಹೋಗುವುದಿಲ್ಲ. ಸಾಧಾರಣ ಉಸಿರಿನಲ್ಲಿ ವಪೆ ಇಳಿಯುವುದು 1ರಿಂದ 2 ಸೆಂ.ಮೀ. ಮಾತ್ರ. ಆಳವಾದ ಉಸಿರಿನಲ್ಲಿ 10 ಸೆಂ.ಮೀ.ವರೆಗೂ ಇಳಿಯಬಲ್ಲದು.

ಹೊಟ್ಟೆಯ ಮೇಲಿರುವ ಈ ಸ್ನಾಯುವಿಗೆ ನರ ಬರುವುದು ಕುತ್ತಿಗೆಯಿಂದ! ಭ್ರೂಣದಲ್ಲಿ ವಪೆ ರೂಪುಗೊಳ್ಳಲು ಶುರುವಾಗುವುದು ಕುತ್ತಿಗೆಯ ಮಟ್ಟದಲ್ಲಿ. ಕೆಳಗಿಳಿಯುವಾಗ ನರವನ್ನೂ ಜೊತೆಗೇ ಎಳೆದುಕೊಂಡು ಬರುತ್ತದೆ. ಕುತ್ತಿಗೆಯ ಮೇಲ್ಭಾಗದಲ್ಲಿ ಬೆನ್ನುಹುರಿಗೆ ಪೆಟ್ಟಾದವರ ಉಸಿರೇ ನಿಲ್ಲಬಹುದಾದದ್ದು ಈ ಕಾರಣಕ್ಕೆ.

ಒಳಗೆ ಗಾಳಿ ಬರುವುದು ಹೇಗೆ?

ಶ್ವಾಸಕೋಶ ಪಕ್ಕೆಲುಬಿಗೆ ಅಂಟಿಕೊಂಡಿಲ್ಲ. ಎರಡರ ನಡುವೆ ಪ್ಲೂರಾ ಎಂಬ ನುಣುಪಾದ ಎರಡು ಪೊರೆಗಳಿವೆ. ಪೊರೆಗಳ ನಡುವೆ ತೆಳ್ಳಗೆ ದ್ರವ. ಸಾಧಾರಣ ಉಸಿರಾಟದಲ್ಲಿ ಅಲ್ಲಿನ ಒತ್ತಡ ಹೊರಗಿನ ಗಾಳಿಗಿಂತ ಸ್ವಲ್ಪ ಕಡಿಮೆಯೇ ಇರುತ್ತದೆ. ಹಾಗಾಗಿ ಎದೆಗೂಡು ಹಿಗ್ಗಿದರೆ ಶ್ವಾಸಕೋಶವೂ ಹಿಂದೆಯೇ ಹೋಗಬೇಕು, ಬೇರೆ ದಾರಿಯಿಲ್ಲ. ಹಿಗ್ಗಿದ ಶ್ವಾಸಕೋಶದೊಳಗೆ ಒತ್ತಡ ಇಳಿಯುತ್ತದೆ, ಹೊರಗಿನ ಗಾಳಿ ನುಗ್ಗುತ್ತದೆ. ಎಷ್ಟು ಇಳಿಯಬೇಕು ಗೊತ್ತೇ? ಸಾಧಾರಣ ಉಸಿರಿಗೆ ಸುಮಾರು 1 ಸೆಂ.ಮೀ. ನೀರಿನ ಒತ್ತಡದಷ್ಟು ಸಾಕು. ಅಷ್ಟಕ್ಕೇ ಅರ್ಧ ಲೀಟರ್ ಗಾಳಿ ಒಳಬರುತ್ತದೆ.

ಆರಂಭದ ಪ್ರಶ್ನೆಗೆ ಬಲವಾದ ಸಾಕ್ಷಿ ಬೇಕೆಂದರೆ ಪೋಲಿಯೊ ಕಾಲದ 'ಐರನ್ ಲಂಗ್' ಯಂತ್ರ ಇದೆ. 1928ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಅದನ್ನು ಮೊದಲ ಸಲ ರೋಗಿಯೊಬ್ಬರಿಗೆ ಬಳಸಿದರು. ತಲೆಯೊಂದನ್ನು ಹೊರಗೆ ಬಿಟ್ಟು ಉಳಿದ ದೇಹವನ್ನು ದೊಡ್ಡ ಪೆಟ್ಟಿಗೆಯಲ್ಲಿಡುತ್ತಿದ್ದರು. ಪೆಟ್ಟಿಗೆಯೊಳಗಿನ ಒತ್ತಡ ಇಳಿಸಿದರೆ ಎದೆ ತಾನಾಗಿ ಹಿಗ್ಗುತ್ತಿತ್ತು. ಯಾರೂ ಊದದೆಯೇ ಮೂಗಿನಿಂದ ಗಾಳಿ ಒಳಹೋಗುತ್ತಿತ್ತು.

ಉಸಿರು ಬಿಡುವುದಕ್ಕೆ ಇಷ್ಟು ಸಾಹಸ ಬೇಡ. ಸ್ನಾಯುಗಳು ಸಡಿಲವಾದರೆ ಹಿಗ್ಗಿದ ಶ್ವಾಸಕೋಶ ತಾನೇ ಕುಗ್ಗಿ ಗಾಳಿಯನ್ನು ಹೊರಹಾಕುತ್ತದೆ. ಹೊಟ್ಟೆಯ ಮೇಲೆ ಕೈಯಿಟ್ಟು ಒಮ್ಮೆ ಕೆಮ್ಮಿ ನೋಡಿ. ಆಗ ಮಾತ್ರ ಹೊಟ್ಟೆಯ ಸ್ನಾಯು ಬಿಗಿಯುವುದು ತಿಳಿಯುತ್ತದೆ.

6. ಟೇಪು ಹಿಡಿದು ಅಳೆಯಿರಿ

ಇನ್ನೊಬ್ಬರು ಇದ್ದರೆ ಅನುಕೂಲ. ಮೊಲೆತೊಟ್ಟಿನ ಮಟ್ಟದಲ್ಲಿ ಎದೆಯ ಸುತ್ತ ಟೇಪು ಬಳಸಿ. ಉಸಿರನ್ನು ಪೂರ್ತಿ ಬಿಟ್ಟು ಒಂದು ಅಳತೆ, ಪೂರ್ತಿ ಎಳೆದು ಇನ್ನೊಂದು. ಮೂರು ಸಲ ಮಾಡಿ, ದೊಡ್ಡ ವ್ಯತ್ಯಾಸವನ್ನು ಇಟ್ಟುಕೊಳ್ಳಿ. ಆರೋಗ್ಯವಂತ ವಯಸ್ಕರಲ್ಲಿ ಇದು ಸಾಧಾರಣವಾಗಿ 5 ಸೆಂ.ಮೀ. ಆಸುಪಾಸಿನಲ್ಲಿರುತ್ತದೆ. ವಯಸ್ಸಾದಂತೆ ಮೃದ್ವಸ್ಥಿ ಗಡುಸಾಗಿ ಅಂಕಿ ಇಳಿಯುತ್ತದೆ. 2.5 ಸೆಂ.ಮೀ.ಗಿಂತ ಕಡಿಮೆ ಬಂದರೆ, ಜೊತೆಗೆ ಬೆಳಿಗ್ಗೆ ಏಳುವಾಗ ಬೆನ್ನು ಬಿಗಿದುಕೊಳ್ಳುತ್ತಿದ್ದರೆ ವೈದ್ಯರಿಗೆ ತಿಳಿಸಿ. ಬೆನ್ನುಮೂಳೆಯ ಕೆಲವು ಉರಿಯೂತಗಳು ಪಕ್ಕೆಲುಬಿನ ಹಿಂದಿನ ಕೀಲುಗಳನ್ನೂ ಬಿಗಿಯುತ್ತವೆ.

ಪಕ್ಕೆಲುಬು ಮುರಿದರೆ

ಹೆಚ್ಚಾಗಿ ಮುರಿಯುವುದು ನಡುವಿನವು. ಹಿಂದೆಲ್ಲ ಎದೆಗೆ ಬಿಗಿಯಾಗಿ ಪಟ್ಟಿ ಕಟ್ಟುತ್ತಿದ್ದರು. ಈಗ ಕಟ್ಟುವುದಿಲ್ಲ, ಏಕೆಂಬುದು ನಿಮಗೀಗ ಹೊಳೆದಿರಬೇಕು. ಗೂಡು ಅಲುಗಾಡದಿದ್ದರೆ ಆಳವಾದ ಉಸಿರಿಲ್ಲ, ಕೆಮ್ಮಲೂ ಆಗದು. ಕಫ ನಿಂತು ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ನೋವಿನ ಮಾತ್ರೆ ಕೊಟ್ಟು, ದಿಂಬನ್ನು ಎದೆಗೆ ಒತ್ತಿ ಹಿಡಿದು ಕೆಮ್ಮಲು, ಆಗಾಗ ದೀರ್ಘ ಉಸಿರೆಳೆಯಲು ಹೇಳುತ್ತಾರೆ. ಸಾಮಾನ್ಯವಾಗಿ ಆರು ವಾರದ ಹೊತ್ತಿಗೆ ಮೂಳೆ ಕೂಡುತ್ತದೆ. ಎಕ್ಸ್‌ರೇಯಲ್ಲಿ ಬಿರುಕು ಕಾಣಲಿಲ್ಲ ಎಂದಮಾತ್ರಕ್ಕೆ ಮುರಿದಿಲ್ಲವೆಂದೂ ಅಲ್ಲ.

ಪೆಟ್ಟಾದ ಮೇಲೆ ಉಸಿರು ಕಟ್ಟಿದಂತಾದರೆ, ಕೆಮ್ಮಿನಲ್ಲಿ ರಕ್ತ ಬಂದರೆ, ಅಥವಾ ಉಸಿರೆಳೆದಾಗ ಎದೆಯ ಒಂದು ಭಾಗ ಹೊರಬರುವ ಬದಲು ಒಳಕ್ಕೆ ಕುಸಿಯುತ್ತಿದ್ದರೆ ಕಾಯಬೇಡಿ. ಕೆಳಗಿನ ಎಡ ಪಕ್ಕೆಲುಬುಗಳ ಹಿಂದೆ ಗುಲ್ಮ (ಸ್ಪ್ಲೀನ್), ಬಲಗಡೆ ಯಕೃತ್ತು ಇದೆ. ಆ ಜಾಗಕ್ಕೆ ಜೋರು ಪೆಟ್ಟು ಬಿದ್ದು ತಲೆಸುತ್ತು ಬರುತ್ತಿದ್ದರೆ ಒಳಗೆ ರಕ್ತಸ್ರಾವ ಆಗುತ್ತಿರಬಹುದು. ತಕ್ಷಣ ಆಸ್ಪತ್ರೆಗೆ ಹೋಗಬೇಕು.